ಹರಳಯ್ಯನವರನ್ನು ನೆನೆಯುವವರು ನೇಣನ್ನು ಬೇಡಬಹುದೇ?



ನಾಡಿನಲ್ಲಿ ಎಲ್ಲಿಯಾದರೂ ಘೋರವಾದ ಹತ್ಯೆಯೊಂದು ನಡೆದಾಗ, ಅದರಲ್ಲಿಯೂ ಮಗುವಿನ ಮೇಲೋ ಅಸಹಾಯಕ ಹೆಣ್ಣುಮಗಳ ಮೇಲೋ ಕ್ರೌರ್ಯ ನಡೆದಾಗ, ಸಕಲೇಶಪುರದ ಸಂತೆಯಿಂದ ಆಲೂರಿನ ಬಸ್ ನಿಲ್ದಾಣದವರೆಗೆ, ಕಾಫಿ ತೋಟದ ಲೈನ್ ಮನೆಗಳಿಂದ ಶ್ರೀಮಠದ ಪಡಸಾಲೆಯವರೆಗೆ ಒಂದೇ ಮಾತು ಕೇಳಿಬರುತ್ತದೆ: "ಅವನನ್ನು ಗಲ್ಲಿಗೇರಿಸಬೇಕು." ಮೆರವಣಿಗೆಗಳು ಹೊರಡುತ್ತವೆ, ತಹಶೀಲ್ದಾರರಿಗೆ ಮನವಿ ಪತ್ರಗಳು ಸಲ್ಲುತ್ತವೆ. ಆ ಮನವಿಗೆ ಮಠದವರೂ ಭಕ್ತರೂ ಸಹಿ ಹಾಕಬೇಕೆಂಬ ಒತ್ತಾಯ ಬರುವುದೂ ಸಹಜವೇ. ಹಣೆಯಲ್ಲಿ ವಿಭೂತಿಯನ್ನೂ ಎದೆಯ ಮೇಲೆ ಇಷ್ಟಲಿಂಗವನ್ನೂ ಧರಿಸಿದ ನಾವು ಅಂತಹ ಮನವಿಗೆ ಸಹಿ ಹಾಕಬಹುದೇ ಎಂಬುದು ಇಂದಿನ ಚಿಂತನೆಯ ವಿಷಯ. ಹಾಕಬಾರದು ಎಂಬುದು ಈ ಲೇಖನದ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಶರಣರ ಚರಿತ್ರೆಯಿಂದಲೂ, ನಮ್ಮ ಗುಡ್ಡಗಾಡಿನ ಇತಿಹಾಸದಿಂದಲೂ, ನಾಡಿನ ಮತ್ತು ಪರದೇಶದ ನ್ಯಾಯಾಲಯಗಳ ಅನುಭವದಿಂದಲೂ ಒಂದೊಂದಾಗಿ ನೋಡೋಣ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಕೊಲೆ ಮಹಾಪಾತಕ. ವಿಶ್ವಗುರು ಬಸವಣ್ಣನವರು ಏಳು ನಿಷೇಧಗಳನ್ನು ಸಾರಿದ ವಚನದಲ್ಲಿ ಕಳವಿನ ಬೆನ್ನಿಗೇ ಬರುವುದು ಕೊಲೆಯ ನಿಷೇಧ. ಮಗಳನ್ನು ಕಳೆದುಕೊಂಡ ತಾಯಿಯ ಸಂಕಟವನ್ನು ಯಾವ ತತ್ತ್ವವಿಚಾರವೂ ತಣಿಸಲಾರದು. ಆಕೆ ಕೋಪದಿಂದ ಆಡುವ ಮಾತನ್ನು ತಪ್ಪೆನ್ನುವ ಅಧಿಕಾರ ಯಾರಿಗೂ ಇಲ್ಲ. ಅಪರಾಧಿಗೆ ಶಿಕ್ಷೆಯಾಗಬಾರದೆಂದು ಶರಣರು ಹೇಳಿಲ್ಲ, ನಾವೂ ಹೇಳುತ್ತಿಲ್ಲ. ಆದರೆ ಆ ನಿಷೇಧದ ವಚನ ಕೊಲ್ಲಬಾರದವರು ಯಾರು, ಕೊಲ್ಲಬಹುದಾದವರು ಯಾರು ಎಂದು ಪಟ್ಟಿ ಮಾಡಿಲ್ಲ. ಪ್ರಜೆಗೊಂದು ನೀತಿ, ಪ್ರಭುವಿಗೊಂದು ನೀತಿ ಎಂದು ಬೇರ್ಪಡಿಸಿಲ್ಲ. ದಯೆಯು ಧರ್ಮವೆಂಬ ಮರದ ಬೇರು ಎಂಬರ್ಥದ ಮಾತನ್ನು ಹೇಳುವಾಗಲೂ ಅಣ್ಣನವರು ಸಕಲ ಜೀವಿಗಳನ್ನೂ ಒಳಗೊಂಡರೇ ಹೊರತು ಒಳ್ಳೆಯವರನ್ನು ಮಾತ್ರ ಆರಿಸಿಕೊಳ್ಳಲಿಲ್ಲ.

ಕಲ್ಯಾಣದ ಕಥೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳಿದ್ದೇವೆ. ಸಮಗಾರ ಕಾಯಕದ ಹರಳಯ್ಯನವರು ದಾರಿಯಲ್ಲಿ ಬಸವಣ್ಣನವರಿಗೆ ಒಮ್ಮೆ ಶರಣೆಂದಾಗ, ಅವರು ಶರಣು ಶರಣಾರ್ಥಿ ಎಂದು ಮರುನುಡಿದರಂತೆ. ಆ ಹೆಚ್ಚಿನ ಒಂದು ಶರಣಿನ ಋಣ ತೀರಿಸಲು ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಹೊಲಿದರೆಂದು ಪರಂಪರೆ ಹೇಳುತ್ತದೆ. ನಾವು ನಿತ್ಯವೂ ಒಬ್ಬರಿಗೊಬ್ಬರು ಹೇಳುವ ವಂದನೆಯಲ್ಲಿ ಆ ಮಹಾತ್ಮರ ನೆನಪಿದೆ. ಅವರ ಮಗ ಶೀಲವಂತನಿಗೂ ಬ್ರಾಹ್ಮಣ ಕುಲದಿಂದ ಬಂದು ಶರಣರಾಗಿದ್ದ ಮಧುವರಸರ ಮಗಳಿಗೂ ವಿವಾಹವಾಯಿತು. ವರ್ಣಸಂಕರವೆಂಬ ದೂರು ಬಿಜ್ಜಳನ ಆಸ್ಥಾನಕ್ಕೆ ಹೋಯಿತು. ದೊರೆ ತೀರ್ಪು ನೀಡಿದ. ಹರಳಯ್ಯ ಮಧುವರಸರಿಗೆ ಎಳೆಹೂಟೆಯ ಶಿಕ್ಷೆಯಾಯಿತು. ಆನೆಯ ಕಾಲಿಗೆ ಕಟ್ಟಿ ಬೀದಿಯಲ್ಲಿ ಎಳೆಸಿ ಪ್ರಾಣ ತೆಗೆಯುವ ಶಿಕ್ಷೆ ಅದು. ತೋಟದ ಬೇಲಿಯನ್ನು ಮುರಿದು ಬರುವ ಕಾಡಾನೆಯ ಹೆಜ್ಜೆಯ ಭಾರವನ್ನು ಬಲ್ಲ ನಮ್ಮ ಸೀಮೆಯ ಜನರಿಗೆ ಆ ಶಿಕ್ಷೆ ಎಂತಹುದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅದು ಬೀದಿಯ ಪುಂಡರು ಮಾಡಿದ ಕೊಲೆಯಲ್ಲ. ದೂರು, ವಿಚಾರಣೆ, ತೀರ್ಪು, ಜಾರಿ ಎಲ್ಲವೂ ಅಂದಿನ ರೂಢಿಯ ಧರ್ಮಶಾಸ್ತ್ರ ಮತ್ತು ರಾಜಾಜ್ಞೆಗಳಿಗೆ ಅನುಗುಣವಾಗಿಯೇ ನಡೆದವು. ಅಂದಿನ ದೃಷ್ಟಿಯಲ್ಲಿ ಅದು ನ್ಯಾಯಬದ್ಧ ಮರಣದಂಡನೆ. ಎಂಟು ಶತಮಾನಗಳ ನಂತರ ಆ ಇಬ್ಬರೂ ನಮಗೆ ಹುತಾತ್ಮರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಸಿಟ್ಟಿಗೆದ್ದ ಶರಣರಲ್ಲಿ ಕೆಲವರು, ಜಗದೇವ ಮತ್ತು ಬೊಮ್ಮಯ್ಯ ಮೊದಲಾದವರು, ಬಿಜ್ಜಳನನ್ನು ಕೊಂದರೆಂದು ಪುರಾಣಗಳು ಹೇಳುತ್ತವೆ. ಅವರ ನೋವು ಸುಳ್ಳಲ್ಲ. ಅವರ ಕಣ್ಣಿಗೆ ದೊರೆಯೂ ಕೊಲೆಗಾರನೇ. ಆದರೆ ಆ ಪ್ರತೀಕಾರದಿಂದ ಹರಳಯ್ಯನವರು ಮರಳಿ ಬರಲಿಲ್ಲ. ಕಲ್ಯಾಣ ರಕ್ತಮಯವಾಯಿತು, ಅನುಭವ ಮಂಟಪ ಚದುರಿತು, ಚೆನ್ನಬಸವಣ್ಣನವರು ವಚನದ ಕಟ್ಟುಗಳೊಡನೆ ಉಳವಿಯ ಕಾಡಿನತ್ತ ನಡೆಯಬೇಕಾಯಿತು. ಪ್ರಭುತ್ವದ ಕೊಲೆ, ಪ್ರತೀಕಾರದ ಕೊಲೆ ಎರಡನ್ನೂ ಒಂದೇ ವರುಷದಲ್ಲಿ ಕಂಡ ಧರ್ಮ ನಮ್ಮದು. ಈ ನೆನಪುಳ್ಳವರು ಮರಣದಂಡನೆಯ ವಿಷಯದಲ್ಲಿ ಉಳಿದವರಿಗಿಂತ ಹೆಚ್ಚು ಎಚ್ಚರದಿಂದ ಮಾತನಾಡಬೇಕಲ್ಲವೇ?

ಇನ್ನು ನಮ್ಮ ನೆಲಕ್ಕೇ ಬರೋಣ. ಇಂದು ಪ್ರವಾಸಿಗರು ನೋಡಲು ಬರುವ ಮಂಜರಾಬಾದ್ ಕೋಟೆಯನ್ನು 1792ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ. 1799ರಲ್ಲಿ ಟಿಪ್ಪು ಮಡಿದ ಮೇಲೆ ಬಲಂ ಸೀಮೆಯ, ಅಂದರೆ ಐಗೂರಿನ ಪಾಳೆಯಗಾರ ವೆಂಕಟಾದ್ರಿ ನಾಯಕ ಕಂಪನಿ ಸರ್ಕಾರಕ್ಕೆ ತಲೆಬಾಗದೆ ಸ್ವತಂತ್ರನಾಗಿ ನಿಂತ. ಆರ್ಥರ್ ವೆಲ್ಲೆಸ್ಲಿಯ ಸೇನೆ 1802ರ ಆರಂಭದಲ್ಲಿ ಈ ಕಾಡುಗಳನ್ನು ಹೊಕ್ಕು ಅವನನ್ನು ಸೆರೆಹಿಡಿದು ನೇಣಿಗೇರಿಸಿತು. ಆ ವೆಲ್ಲೆಸ್ಲಿಯೇ ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಎಂದು ಹೆಸರಾಗಿ 1828ರಲ್ಲಿ ಇಂಗ್ಲೆಂಡಿನ ಪ್ರಧಾನಿಯಾದ. ಕಂಪನಿಯ ಕಡತದಲ್ಲಿ ನಾಯಕ ದಂಗೆಕೋರ, ಈ ಸೀಮೆಯ ನೆನಪಿನಲ್ಲಿ ನೆಲದ ದೊರೆ.

ಮಲೆನಾಡಿನ ಇನ್ನೊಂದು ಅಂಚಿನಲ್ಲಿ, ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ 1942ರ ಸೆಪ್ಟೆಂಬರ್‌ನಲ್ಲಿ ನಡೆದುದು ತಮಗೆ ತಿಳಿದೇ ಇದೆ. ಊರು ತನ್ನನ್ನು ತಾನು ಸ್ವತಂತ್ರವೆಂದು ಘೋಷಿಸಿಕೊಂಡಿತು. ಘರ್ಷಣೆಯಲ್ಲಿ ಅಮಲ್ದಾರರೂ ಪೊಲೀಸ್ ಅಧಿಕಾರಿಯೂ ಪ್ರಾಣ ಕಳೆದುಕೊಂಡರು. ಮೈಸೂರು ಸಂಸ್ಥಾನದ ನ್ಯಾಯಾಲಯಗಳು ವಿಚಾರಣೆ ನಡೆಸಿ ಮರಣದಂಡನೆ ವಿಧಿಸಿದವು. 1943ರ ಮಾರ್ಚ್ ತಿಂಗಳಿನಲ್ಲಿ ಬೆಂಗಳೂರಿನ ಸೆರೆಮನೆಯಲ್ಲಿ ಐವರನ್ನು ಗಲ್ಲಿಗೇರಿಸಲಾಯಿತು. ನಾಲ್ಕು ವರ್ಷಗಳು ಕಳೆದಿದ್ದರೆ ದೇಶವೇ ಸ್ವತಂತ್ರವಾಗಿರುತ್ತಿತ್ತು. ಸೆರೆಮನೆಯಲ್ಲಿದ್ದಿದ್ದರೆ ಬಾಗಿಲು ತೆರೆದು ಅವರನ್ನು ಮನೆಗೆ ಕಳುಹಿಸಬಹುದಿತ್ತು. ನೇಣಿಗೆ ಹಾಕಿದವರನ್ನು ಕಳುಹಿಸಲು ಬಾರದು. ಆ ಘರ್ಷಣೆಯಲ್ಲಿ ಸತ್ತ ಅಧಿಕಾರಿಗಳ ಮನೆಯವರ ದುಃಖವೂ ದುಃಖವೇ ಎಂಬುದನ್ನು ಮರೆಯದೆಯೇ ಈ ಮಾತನ್ನು ಹೇಳಬೇಕಾಗಿದೆ.

"ಅವು ದೊರೆಗಳ ಕಾಲದ, ಪರಕೀಯರ ಕಾಲದ ಕಥೆಗಳು. ಈಗ ಸಂವಿಧಾನವಿದೆ, ಮೂರು ಹಂತದ ನ್ಯಾಯಾಲಯಗಳಿವೆ, ತಪ್ಪಾಗಲು ಅವಕಾಶವೆಲ್ಲಿ?" ಎಂದು ಭಕ್ತರು ಕೇಳಬಹುದು. ಅದು ಯೋಗ್ಯವಾದ ಪ್ರಶ್ನೆ. ನಮ್ಮ ಕಾನೂನು ನಡೆದು ಬಂದ ದಾರಿಯನ್ನೇ ನೋಡೋಣ. ಬ್ರಿಟಿಷರ ಕಾಲದ ವಿಧಿಯಂತೆ, ಕೊಲೆ ಪ್ರಕರಣದಲ್ಲಿ ಗಲ್ಲು ವಿಧಿಸದಿದ್ದರೆ ನ್ಯಾಯಾಧೀಶರು ಕಾರಣ ಬರೆಯಬೇಕಾಗಿತ್ತು. 1955ರಲ್ಲಿ ಆ ನಿಯಮ ಹೋಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆ ಅದನ್ನು ತಿರುಗಿಸಿ, ಗಲ್ಲು ವಿಧಿಸುವುದಾದರೆ ವಿಶೇಷ ಕಾರಣ ಬರೆಯಬೇಕೆಂದಿತು. 1980ರಲ್ಲಿ ಬಚನ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಮರಣದಂಡನೆಯನ್ನು ಎತ್ತಿಹಿಡಿದರೂ, ಅದು ಅತ್ಯಂತ ವಿರಳದಲ್ಲಿ ವಿರಳವಾದ ಪ್ರಕರಣಗಳಿಗೆ ಮಾತ್ರ ಎಂದು ಕಟ್ಟು ಹಾಕಿತು. 1983ರಲ್ಲಿ, ಜೀವಾವಧಿ ಕೈದಿ ಕೊಲೆ ಮಾಡಿದರೆ ಗಲ್ಲು ಕಡ್ಡಾಯ ಎಂದಿದ್ದ ವಿಧಿಯನ್ನು ರದ್ದುಪಡಿಸಿತು. ಹೀಗೆ ನ್ಯಾಯಾಲಯಗಳ ನಡೆ ಬಹುಮಟ್ಟಿಗೆ ದಯೆಯ ಕಡೆಗೇ ಸಾಗಿದೆ. ಶಾಸನಸಭೆಗಳ ನಡೆ ಹಾಗಿಲ್ಲ. 2019ರಲ್ಲಿ ಪೋಕ್ಸೋ ಕಾಯ್ದೆಗೆ ಗಲ್ಲು ಸೇರಿತು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಅದು ಉಳಿದಿದೆ.

ಕರ್ನಾಟಕದಲ್ಲಿ ಗಲ್ಲು ಶಿಕ್ಷೆಯನ್ನು ಜಾರಿಗೊಳಿಸುವ ವ್ಯವಸ್ಥೆ ಇರುವುದು ಬೆಳಗಾವಿಯ ಹಿಂಡಲಗಾ ಕಾರಾಗೃಹದಲ್ಲಿ. 1983ರ ನಂತರ ಅಲ್ಲಿ ಯಾರನ್ನೂ ನೇಣಿಗೇರಿಸಿಲ್ಲ. ಆದರೆ ಅದರ ಸಮೀಪಕ್ಕೆ ಹೋಗಿಬಂದವರಿದ್ದಾರೆ. 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿ ವೀರಪ್ಪನ್ ತಂಡದವರು ಹುದುಗಿಸಿಟ್ಟಿದ್ದ ನೆಲಬಾಂಬು ಸಿಡಿದು 20ಕ್ಕೂ ಹೆಚ್ಚು ಮಂದಿ ಸತ್ತರು. ಮೈಸೂರಿನ ವಿಶೇಷ ನ್ಯಾಯಾಲಯ 2001ರಲ್ಲಿ ಅಪರಾಧಿಗಳಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅವರು ಮೇಲ್ಮನವಿ ಸಲ್ಲಿಸಿದಾಗ ಸರ್ವೋಚ್ಚ ನ್ಯಾಯಾಲಯ ತಾನಾಗಿಯೇ ಶಿಕ್ಷೆಯನ್ನು ಹೆಚ್ಚಿಸಿ 2004ರಲ್ಲಿ ನಾಲ್ವರಿಗೆ ಮರಣದಂಡನೆ ನೀಡಿತು. ಕ್ಷಮಾದಾನದ ಅರ್ಜಿ ಸುಮಾರು ಒಂಬತ್ತು ವರ್ಷ ಕಡತದಲ್ಲಿ ಉಳಿದು 2013ರ ಫೆಬ್ರವರಿಯಲ್ಲಿ ತಿರಸ್ಕೃತವಾಯಿತು. ಕೊನೆಯ ಗಳಿಗೆಯಲ್ಲಿ ತಡೆ ಸಿಕ್ಕಿತು. 2014ರ ಜನವರಿ 21ರಂದು ಅದೇ ಸರ್ವೋಚ್ಚ ನ್ಯಾಯಾಲಯ, ಇಷ್ಟು ಕಾಲ ಸಾವಿನ ನೆರಳಿನಲ್ಲಿ ಇರಿಸಿದ್ದೇ ಅಮಾನುಷವೆಂದು ಹೇಳಿ, ಈ ನಾಲ್ವರೂ ಸೇರಿದಂತೆ 15 ಮಂದಿಯ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ಒಂದೇ ಅಪರಾಧ, ಅವರೇ ಮನುಷ್ಯರು. ಮೊದಲು ಜೀವಾವಧಿ, ನಂತರ ಗಲ್ಲು, ಮತ್ತೆ ಜೀವಾವಧಿ. ಮನುಷ್ಯನ ತಕ್ಕಡಿ ಇಷ್ಟೊಂದು ತೂಗಾಡುವಾಗ ಅದರಲ್ಲಿ ಪ್ರಾಣವನ್ನಿಟ್ಟು ತೂಗುವುದು ಎಷ್ಟು ಸರಿ?

ಹಿಂಡಲಗಾದಲ್ಲಿಯೇ ಹತ್ತು ವರ್ಷ ಏಕಾಂತ ಸೆರೆಯಲ್ಲಿದ್ದ ಇನ್ನೊಬ್ಬ ಅಪರಾಧಿಯ ಗಲ್ಲು ಶಿಕ್ಷೆಯನ್ನು 2022ರ ನವೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಅದೇ ಕಾರಣಕ್ಕೆ ಇಳಿಸಿತು. ಕಾನೂನು ಅನುಮತಿಸದ ಏಕಾಂತವಾಸ ಅದು ಎಂಬುದು ನ್ಯಾಯಾಲಯದ ನಿಲುವಾಗಿತ್ತು. ಇದಕ್ಕಿಂತ ಗಂಭೀರವಾದುದು 2012ರಲ್ಲಿ ನಡೆಯಿತು. 14 ಮಂದಿ ನಿವೃತ್ತ ನ್ಯಾಯಮೂರ್ತಿಗಳು ರಾಷ್ಟ್ರಪತಿಗಳಿಗೆ ಪತ್ರ ಬರೆದು, ಸರ್ವೋಚ್ಚ ನ್ಯಾಯಾಲಯವೇ ಮುಂದೆ ತಪ್ಪೆಂದು ಒಪ್ಪಿಕೊಂಡ ತೀರ್ಪಿನ ದಾರಿಯಲ್ಲಿ ಕೆಲವರಿಗೆ ಗಲ್ಲು ವಿಧಿಸಲಾಗಿದೆ, ಅವರಲ್ಲಿ ಇಬ್ಬರನ್ನು ಈಗಾಗಲೇ ನೇಣಿಗೇರಿಸಲಾಗಿದೆ ಎಂದು ತಿಳಿಸಿದರು. ಹೀಗೆ ತಿಳಿಸಿದವರು ಆ ಪೀಠಗಳಲ್ಲಿ ಕುಳಿತು ಬಂದವರೇ. ಅವರ ಮಾತಿಗಿಂತ ಹೆಚ್ಚಿನ ಸಾಕ್ಷ್ಯ ಬೇಕೇ?

ಅಮೆರಿಕದಲ್ಲಿ ನೆಲೆಸಿ ಅಲ್ಲಿಯೂ ಬಸವ ಜಯಂತಿಯನ್ನು ಆಚರಿಸುವ ನಮ್ಮ ಭಕ್ತ ಕುಟುಂಬಗಳಿವೆ. ಮುಂದುವರಿದ ಆ ದೇಶದಲ್ಲಿಯೂ ಗಲ್ಲು ಇದೆಯಲ್ಲ ಎಂಬ ವಾದವನ್ನು ಆಗಾಗ್ಗೆ ಕೇಳುತ್ತೇವೆ. ಅಲ್ಲಿನ ಅನುಭವ ಹೇಳುವುದೇ ಬೇರೆ. 1972ರ ಜೂನ್‌ನಲ್ಲಿ ಫರ್ಮನ್ ಪ್ರಕರಣದಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ, ಮರಣದಂಡನೆಯನ್ನು ಮನಬಂದಂತೆ ವಿಧಿಸಲಾಗುತ್ತಿದೆಯೆಂದು ಐದಕ್ಕೆ ನಾಲ್ಕರ ಬಹುಮತದಿಂದ ಅದನ್ನು ನಿಲ್ಲಿಸಿತು. ಅದೇ ವರ್ಷ ನಮ್ಮ ಸರ್ವೋಚ್ಚ ನ್ಯಾಯಾಲಯ ಜಗಮೋಹನ್ ಸಿಂಗ್ ಪ್ರಕರಣದಲ್ಲಿ ಆ ತೀರ್ಪನ್ನು ಪರಿಶೀಲಿಸಿ, ಇಲ್ಲಿಗೆ ಅನ್ವಯಿಸದೆಂದು ಬಿಟ್ಟಿತು. 1976ರಲ್ಲಿ ಹೊಸ ನಿಯಮಗಳೊಡನೆ ಅಮೆರಿಕದಲ್ಲಿಯೂ ಅದು ಮರಳಿತು. 1987ರಲ್ಲಿ ಇನ್ನೊಂದು ಪ್ರಕರಣ ಬಂದಿತು. ಸತ್ತವನು ಬಿಳಿಯನಾಗಿದ್ದರೆ ಕೊಂದವನಿಗೆ ಗಲ್ಲಾಗುವ ಸಂಭವ ಹೆಚ್ಚು ಎಂದು ಅಂಕಿಅಂಶಗಳ ಮೂಲಕ ತೋರಿಸಿದರೂ, ಅಷ್ಟರಿಂದ ಶಿಕ್ಷೆ ರದ್ದಾಗದೆಂದು ನ್ಯಾಯಾಲಯ ಹೇಳಿತು. 2002ರಲ್ಲಿ ಬುದ್ಧಿಮಾಂದ್ಯರನ್ನೂ, 2005ರಲ್ಲಿ 18 ತುಂಬದ ವಯಸ್ಸಿನಲ್ಲಿ ಅಪರಾಧ ಮಾಡಿದವರನ್ನೂ ಗಲ್ಲಿನಿಂದ ಹೊರಗಿಟ್ಟಿತು. 1973ರಿಂದೀಚೆಗೆ ಅಲ್ಲಿ ಮರಣದಂಡನೆಗೆ ಗುರಿಯಾಗಿ ಅನಂತರ ದೋಷಮುಕ್ತರಾದವರ ಎಣಿಕೆ 2024ರಲ್ಲಿ 200ಕ್ಕೆ ಮುಟ್ಟಿತು. ಇಷ್ಟು ಮಂದಿ ತಪ್ಪಾಗಿ ಸಾಯಲಿದ್ದರು. ಇಲಿನಾಯ್ ರಾಜ್ಯದ ಗವರ್ನರ್ ಜಾರ್ಜ್ ರಯಾನ್ 2003ರಲ್ಲಿ, ಈ ವ್ಯವಸ್ಥೆಯನ್ನು ನಂಬಲಾರೆನೆಂದು 160ಕ್ಕೂ ಹೆಚ್ಚು ಕೈದಿಗಳ ಶಿಕ್ಷೆಯನ್ನು ಇಳಿಸಿದರು. ಆ ರಾಜ್ಯ 2011ರಲ್ಲಿ, ವರ್ಜೀನಿಯಾ 2021ರಲ್ಲಿ ಮರಣದಂಡನೆಯನ್ನೇ ಕೈಬಿಟ್ಟವು. ಇನ್ನೊಂದು ಕಡೆ ಅಲಬಾಮಾ ರಾಜ್ಯ 2024ರಲ್ಲಿ ಸಾರಜನಕ ಅನಿಲದಿಂದ ಕೊಲ್ಲುವ ಹೊಸ ವಿಧಾನವನ್ನು ಬಳಸಿತು. ನೇಣು, ಗುಂಡು, ವಿದ್ಯುತ್ ಕುರ್ಚಿ, ಚುಚ್ಚುಮದ್ದು, ಅನಿಲ ಎಂದು ಕೊಲ್ಲುವ ಬಗೆಯನ್ನು ಬದಲಿಸುತ್ತಾ ಹೋದರೂ ಕೊಲ್ಲುವ ಕಾರ್ಯ ಬದಲಾಗುವುದಿಲ್ಲ.

ಅಲ್ಲಿ ಬಣ್ಣದ ಭೇದವಾದರೆ ಇಲ್ಲಿ ಬಡತನದ ಭೇದ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ 2016ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಭಾರತದಲ್ಲಿ ಗಲ್ಲು ಶಿಕ್ಷೆಗೆ ಗುರಿಯಾಗಿ ಸೆರೆಯಲ್ಲಿದ್ದ ನಾಲ್ವರಲ್ಲಿ ಸುಮಾರು ಮೂವರು ಆರ್ಥಿಕವಾಗಿ ದುರ್ಬಲರು. ಒಳ್ಳೆಯ ವಕೀಲರನ್ನು ಇಡಲಾಗದವರು, ನ್ಯಾಯಾಲಯದ ಭಾಷೆ ತಿಳಿಯದವರು. ಉಳ್ಳವರು ಶಿವಾಲಯ ಮಾಡುವುದನ್ನು ಕಂಡು ಬಡವನ ದೇಹವನ್ನೇ ದೇಗುಲವೆಂದು ಸಾರಿದ ಅಣ್ಣನವರ ಮಾತನ್ನು ಕಂಠಪಾಠ ಮಾಡಿದವರು ನಾವು. ನೇಣುಗಂಬದ ಬಳಿ ನಿಲ್ಲುವವನು ಬಹುಪಾಲು ಬಡವನೇ ಎಂಬ ಸಂಗತಿ ನಮ್ಮನ್ನು ಕಾಡಬೇಕು.

ಶರಣಪಥದ ಇನ್ನೊಂದು ಮುಖ್ಯ ನಂಬಿಕೆ ಮನುಷ್ಯ ಬದಲಾಗಬಲ್ಲ ಎಂಬುದು. ಉರಿಲಿಂಗಪೆದ್ದಿಗಳು ಮೊದಲು ಕಳ್ಳರಾಗಿದ್ದರು. ಕಳವಿಗೆಂದು ಹೋದ ಮನೆಯಲ್ಲಿ ಗುರು ಉರಿಲಿಂಗದೇವರು ದೀಕ್ಷೆ ನೀಡುವುದನ್ನು ಕಂಡು ಮನಸ್ಸು ತಿರುಗಿತು. ಕನ್ನ ಕೊರೆಯುವ ಕಾಯಕದವರೆಂದೇ ಹೆಸರಾದ ಕನ್ನದ ಮಾರಿತಂದೆಗಳೂ ವಚನಕಾರರಾದರು. ಇವರನ್ನು ಮೊದಲ ಅಪರಾಧಕ್ಕೇ ಶೂಲಕ್ಕೇರಿಸಿದ್ದರೆ ಆ ವಚನಗಳು ನಮಗೆ ಸಿಗುತ್ತಿದ್ದವೇ? ಕಳವೂ ಕೊಲೆಯೂ ಒಂದೇ ಅಲ್ಲ, ನಿಜ. ಎಲ್ಲ ಕೊಲೆಗಾರರೂ ಬದಲಾಗುತ್ತಾರೆಂದೂ ಅಲ್ಲ. ಆದರೆ ಯಾರು ಬದಲಾಗಲಾರರು ಎಂಬ ತೀರ್ಪು ಕೂಡಲಸಂಗಮದೇವನದು, ನಮ್ಮದಲ್ಲ. ಹಬ್ಬದ ಬಲಿಗೆಂದು ತಂದ ಕುರಿ ತನ್ನ ಸಾವಿನ ಅರಿವಿಲ್ಲದೆ ತೋರಣದ ಸೊಪ್ಪನ್ನು ಮೆಲ್ಲುವ ಚಿತ್ರವನ್ನು ಅಣ್ಣನವರು ಒಂದು ವಚನದಲ್ಲಿ ಕೊಡುತ್ತಾರೆ. ಕೊಂದವರೇನೂ ಶಾಶ್ವತರಲ್ಲ ಎಂಬ ಆಶಯದೊಂದಿಗೆ ಅದು ಮುಗಿಯುತ್ತದೆ. ಬಲಿಯಾಗುವವನ ಗುಣದೋಷಗಳ ವಿಚಾರವನ್ನು ಅಲ್ಲಿ ಎತ್ತಿಲ್ಲ. ಪ್ರಶ್ನೆಯನ್ನು ಕೇಳಿರುವುದು ಕೊಲ್ಲುವವರನ್ನು.

ಹಾಗಾದರೆ ಸಮಾಜದ ರಕ್ಷಣೆ ಹೇಗೆ? ಇದಕ್ಕೆ ಉತ್ತರ ನಮ್ಮ ರಾಜ್ಯದ ಪ್ರಕರಣವೊಂದರಿಂದಲೇ ಬಂದಿದೆ. ಆಸ್ತಿಗಾಗಿ ಪತ್ನಿಯನ್ನು ಕೊಂದು ಬೆಂಗಳೂರಿನ ಮನೆಯ ಅಂಗಳದಲ್ಲಿಯೇ ಹೂತ ಅಪರಾಧಿಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳಿಗೆ ಗಲ್ಲಿನ ವಿಷಯದಲ್ಲಿ ಒಮ್ಮತವಾಗಲಿಲ್ಲ. 2008ರಲ್ಲಿ ಮೂವರ ಪೀಠ, ಸ್ವಾಮಿ ಶ್ರದ್ಧಾನಂದ ವಿರುದ್ಧ ಕರ್ನಾಟಕ ರಾಜ್ಯ ಎಂದು ಹೆಸರಾದ ಆ ಪ್ರಕರಣದಲ್ಲಿ, ಗಲ್ಲಿನ ಬದಲು ಬದುಕಿರುವವರೆಗೂ ಬಿಡುಗಡೆಯಿಲ್ಲದ ಸೆರೆವಾಸವನ್ನು ವಿಧಿಸಿತು. 2015ರಲ್ಲಿ ಸಂವಿಧಾನ ಪೀಠ ಈ ಮಾರ್ಗವನ್ನು ಬಹುಮತದಿಂದ ಎತ್ತಿಹಿಡಿಯಿತು. ಅದೇ ವರ್ಷ ಕಾನೂನು ಆಯೋಗ ತನ್ನ 262ನೆಯ ವರದಿಯಲ್ಲಿ, ಜೀವಾವಧಿ ಸೆರೆಗಿಂತ ಗಲ್ಲು ಹೆಚ್ಚು ಭಯ ಹುಟ್ಟಿಸುತ್ತದೆ ಎಂಬುದಕ್ಕೆ ಆಧಾರವಿಲ್ಲವೆಂದು ಹೇಳಿ, ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಯುದ್ಧ ಸಾರುವ ಅಪರಾಧಗಳನ್ನುಳಿದು ಮಿಕ್ಕೆಲ್ಲಕ್ಕೂ ಗಲ್ಲನ್ನು ರದ್ದುಪಡಿಸಲು ಶಿಫಾರಸು ಮಾಡಿತು.

ನಮ್ಮ ಸೀಮೆಯ ಅನುಭವವೂ ಇದಕ್ಕೆ ಹೊಂದುತ್ತದೆ. ಆಲೂರು ಸಕಲೇಶಪುರ ಭಾಗದಲ್ಲಿ ಕಾಡಾನೆಗಳಿಂದ ಎಷ್ಟೋ ಮನೆಗಳಲ್ಲಿ ಸಾವಾಗಿದೆ. ಜನರ ಆಕ್ರೋಶ ಹೊತ್ತಿ ಉರಿದ ದಿನಗಳಲ್ಲಿಯೂ ಉಪದ್ರವಿ ಆನೆಗಳನ್ನು ಹಿಡಿದು ಸ್ಥಳಾಂತರಿಸಿ ಎಂದೇ ನಾವು ಕೇಳಿದೆವು. ಹಾಗೆ ಹಿಡಿದು ಸಾಗಿಸಿದ್ದನ್ನು ಕಣ್ಣಾರೆ ಕಂಡೆವು. ಅರಿವಿಲ್ಲದ ಪ್ರಾಣಿಯಿಂದ ಜನರನ್ನು ಕಾಪಾಡಲು ಕೊಲ್ಲದ ದಾರಿಯನ್ನು ಹುಡುಕಬಲ್ಲ ನಾವು, ಅರಿವು ಮೂಡಬಹುದಾದ ಮನುಷ್ಯನ ವಿಷಯದಲ್ಲಿ ಮಾತ್ರ ಕೊಲ್ಲುವುದೊಂದೇ ದಾರಿ ಎನ್ನಬಹುದೇ?

ಕಡೆಯದಾಗಿ, ನೇಣನ್ನು ಬೇಡದಿರುವುದು ಎಂದರೆ ಸುಮ್ಮನಿರುವುದಲ್ಲ. ಗಲ್ಲಿಗೆ ಒತ್ತಾಯಿಸುವ ಮೆರವಣಿಗೆ ಒಂದು ಸಂಜೆಗೆ ಮುಗಿಯುತ್ತದೆ. ಅದಾದ ಮೇಲೆ ಸತ್ತವರ ಮನೆಯವರು ವರ್ಷಗಟ್ಟಲೆ ಹಾಸನದ ನ್ಯಾಯಾಲಯಕ್ಕೆ ಅಲೆಯುವಾಗ ಜೊತೆಗೆ ಯಾರೂ ಇರುವುದಿಲ್ಲ. ಸಾಕ್ಷಿ ಹೇಳಬೇಕಾದವರು ಹೆದರಿ ಹಿಂದೆ ಸರಿಯುತ್ತಾರೆ, ಅಪರಾಧಿ ಶಿಕ್ಷೆಯಿಲ್ಲದೆ ಹೊರಬರುತ್ತಾನೆ. ಭಕ್ತರು ಮಾಡಬೇಕಾದ ಕಾಯಕ ಇಲ್ಲಿದೆ. ಕಂಡದ್ದನ್ನು ನ್ಯಾಯಾಲಯದಲ್ಲಿ ಕಂಡಂತೆ ಹೇಳಿರಿ. ಸಾಕ್ಷಿ ಹೇಳುವ ತೋಟದ ಕೂಲಿಯವರ ಬೆನ್ನಿಗೆ ನಿಲ್ಲಿರಿ. ಸಂತ್ರಸ್ತರಿಗೆ ಪರಿಹಾರ ನೀಡುವ ಯೋಜನೆ ಕಾನೂನಿನಲ್ಲಿಯೇ ಇದೆ. ಅದಕ್ಕಾಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಬರೆಯಲು ಆ ಮನೆಯವರಿಗೆ ನೆರವಾಗಿರಿ. ಉಳಿದ ಮಕ್ಕಳ ಓದನ್ನು ಊರಿನ ದಾಸೋಹವೆಂದು ಭಾವಿಸಿರಿ. ಇಷ್ಟನ್ನೂ ಮಾಡಿ, ಅಪರಾಧಿಗೆ ತಪ್ಪದೆ ಕಠಿಣ ಶಿಕ್ಷೆಯಾಗಲೆಂದು ಕೇಳುವ ಮನವಿ ಬಂದರೆ ಅದಕ್ಕೆ ಸಹಿ ಹಾಕಿರಿ. ಗಲ್ಲಿಗೇರಿಸಿ ಎಂಬ ಪದ ಅದರಲ್ಲಿದ್ದರೆ, ಹರಳಯ್ಯ ಮಧುವರಸರನ್ನು ನೆನೆದು, ಆ ಪದವನ್ನು ಹೊಡೆದುಹಾಕಿ ಅನಂತರ ಸಹಿ ಹಾಕಿರಿ.